ಶೆಡ್ಡಿನಲ್ಲಿ ನಿಂತ ಯೆಜ್ಡಿಯನ್ನು ದೂರದ ದಾರಿಗೆ ಸಿದ್ಧಗೊಳಿಸುವುದು ಹೇಗೆ?

"ತೋಟದ ಮನೆಯ ಶೆಡ್ಡಿನಲ್ಲಿ ಅಪ್ಪ ಓಡಿಸುತ್ತಿದ್ದ ಯೆಜ್ಡಿ ನಿಂತಿದೆ. ವರ್ಷಗಳಿಂದ ಯಾರೂ ಮುಟ್ಟಿಲ್ಲ. ರಿಪೇರಿ ಮಾಡಿಸಿ ಅದರಲ್ಲೇ ಕನ್ಯಾಕುಮಾರಿಗೋ ಲಡಾಖಿಗೋ ಹೋಗಿಬರಬಹುದೇ?" ಬೇಲೂರಿನಿಂದ ಕೇಳುತ್ತಾರೆ, ಮೂಡಿಗೆರೆಯಿಂದ ಕೇಳುತ್ತಾರೆ, ಸಕಲೇಶಪುರದಿಂದಲೂ ಕೇಳುತ್ತಾರೆ. ಊರು ಬೇರೆ, ಪ್ರಶ್ನೆ ಒಂದೇ. ಹೋಗಬಹುದು. ಆದರೆ ಮೆರವಣಿಗೆಗೆ ಸಿಂಗರಿಸಿದ ಬೈಕಿನಲ್ಲಿ ಹೋಗಲಾಗದು. ಹಣದ ಬಹುಪಾಲು ಕಣ್ಣಿಗೆ ಕಾಣದ ಜಾಗಕ್ಕೆ, ಅಂದರೆ ಕ್ರ್ಯಾಂಕು, ಆಯಿಲ್ ಸೀಲು, ವೈರು, ಬ್ರೇಕು, ಟೈರುಗಳಿಗೆ ಹೋಗಬೇಕು. ಬಣ್ಣ, ಕ್ರೋಮ್, ಸ್ಟಿಕ್ಕರುಗಳಿಗೆ ಕೊನೆಯ ಸರದಿ. ಈ ಕ್ರಮವನ್ನು ತಿರುವುಮುರುವು ಮಾಡಿದವರ ಬೈಕುಗಳು ಫೋಟೋದಲ್ಲಿ ಚೆನ್ನಾಗಿರುತ್ತವೆ, ಶಿರಾಡಿ ಘಾಟಿಯಲ್ಲಿ ಲಾರಿ ಏರುತ್ತವೆ.

ಇಲ್ಲಿ ಹೇಳಿರುವುದು ಮುಖ್ಯವಾಗಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ 250 ಸಿಸಿ ಬೈಕುಗಳ ಬಗ್ಗೆ. 1961ರಿಂದ ಜಾವಾ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಅವು ತಯಾರಾದವು. ರೋಡ್‌ಕಿಂಗ್ ಬಂದದ್ದು 1978ರಲ್ಲಿ, ಕಾರ್ಖಾನೆ ಬಾಗಿಲು ಮುಚ್ಚಿದ್ದು 1996ರಲ್ಲಿ. ಅಂದರೆ ನಿಮ್ಮ ಶೆಡ್ಡಿನಲ್ಲಿರುವುದು ಈ ಸಂತತಿಯಲ್ಲೇ ಕಿರಿಯದಾದರೂ ಅದಕ್ಕೆ ಮೂವತ್ತರ ಆಸುಪಾಸು. ಈಚೆಗೆ ಅದೇ ಹೆಸರಿನಲ್ಲಿ ಮಾರಾಟವಾಗುತ್ತಿರುವ ಹೊಸ ಬೈಕುಗಳು ಫೋರ್ ಸ್ಟ್ರೋಕ್; ಅವುಗಳ ಶೋರೂಮಿನಲ್ಲಿ ಹಳೆಯದಕ್ಕೆ ಬಿಡಿಭಾಗ ಸಿಗುವುದಿಲ್ಲ. ಯಮಹಾ ಆರ್‌ಎಕ್ಸ್ 100 ಇಟ್ಟುಕೊಂಡವರಿಗೂ ಇಲ್ಲಿನ ಬಹುತೇಕ ಮಾತು ಅನ್ವಯಿಸುತ್ತದೆ, ಏಕೆಂದರೆ ಅದೂ ಟು ಸ್ಟ್ರೋಕ್. ಬುಲೆಟ್ ಇದ್ದವರು ಎಂಜಿನ್ ಭಾಗವನ್ನು ಬಿಟ್ಟು ಉಳಿದದ್ದನ್ನು ಓದಿಕೊಳ್ಳಿ.

ಕಾಲದ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡಿನ ಮಳೆಯಲ್ಲಿ ಬೈಕ್ ಓಡಿಸುವ ಸುಖ ಅಷ್ಟಕ್ಕಷ್ಟೇ. ಬಿಚ್ಚುವುದು, ಬಿಡಿಭಾಗ ಹುಡುಕುವುದು, ಲೇತಿನ ಕೆಲಸ ಇವಕ್ಕೆ ಅದೇ ತಕ್ಕ ಕಾಲ. ಸೆಪ್ಟೆಂಬರ್‌ನಲ್ಲಿ ಜೋಡಣೆ, ಅಕ್ಟೋಬರ್‌ನಲ್ಲಿ ಪರೀಕ್ಷೆಯ ಓಟ. ನವೆಂಬರ್ ಬಂದರೆ ಅರೇಬಿಕಾ ಕೊಯ್ಲು ಹಿಡಿಯುತ್ತದೆ, ಅದರ ಬೆನ್ನಿಗೇ ರೋಬಸ್ಟಾ. ತೋಟ ಇರುವವರು ಪ್ರಯಾಣದ ದಿನವನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು.

1. ಮೊದಲು ಕಾಗದ, ಆಮೇಲೆ ಪಾನಾ

ಎಂಜಿನ್ನಿಗೆ ಹಣ ಸುರಿದ ಮೇಲೆ ಆರ್‌ಸಿ ನವೀಕರಣ ಆಗುವುದಿಲ್ಲ ಎಂದು ತಿಳಿದರೆ ಅದಕ್ಕಿಂತ ದೊಡ್ಡ ಪೆಟ್ಟಿಲ್ಲ. ಆದ್ದರಿಂದ ಬೈಕಿನ ಒಂದು ನಟ್ ಸಡಿಲಿಸುವ ಮೊದಲು ಆರ್‌ಸಿ ಪುಸ್ತಕವನ್ನು ಹುಡುಕಿ. ಅದರಲ್ಲಿರುವ ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ ಎರಡನ್ನೂ ಬೈಕಿನ ಮೇಲಿರುವ ಸಂಖ್ಯೆಗಳೊಂದಿಗೆ ತಾಳೆ ನೋಡಿ. ಹಳೆಯ ಯೆಜ್ಡಿಗಳಿಗೆ ನಡುವೆ ಯಾವಾಗಲೋ ಬೇರೆ ಎಂಜಿನ್ ಕೂರಿಸಿರುವುದು ಅಪರೂಪವಲ್ಲ. ಹಾಗಾಗಿದ್ದರೆ ಅದನ್ನು ದಾಖಲೆಯಲ್ಲಿ ಸರಿಪಡಿಸಿಕೊಳ್ಳದೆ ಮುಂದುವರಿಯಬೇಡಿ.

ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ಅದಕ್ಕೆ ನಮೂನೆ 25ರಲ್ಲಿ ಅರ್ಜಿ. ಹಾಸನದ ಕೆಎ 13, ಚಿಕ್ಕಮಗಳೂರಿನ ಕೆಎ 18, ಸಕಲೇಶಪುರದ ಕೆಎ 46, ಇವುಗಳಲ್ಲಿ ನಿಮ್ಮದು ಯಾವುದೋ ಆ ಆರ್‌ಟಿಒ ಕಚೇರಿಯಲ್ಲಿ ವಾಹನವನ್ನು ತಪಾಸಣೆಗೆ ಒಯ್ಯಬೇಕಾಗುತ್ತದೆ. ತಪಾಸಣೆಗೆ ಬೈಕ್ ಓಡುವ ಸ್ಥಿತಿಯಲ್ಲಿರಬೇಕಾದ್ದರಿಂದ ನವೀಕರಣ ಕೊನೆಗೆ ಆಗುವ ಕೆಲಸ; ಆದರೆ ನವೀಕರಣ ಸಾಧ್ಯವೇ ಎಂಬ ವಿಚಾರಣೆ ಮೊದಲ ದಿನದ ಕೆಲಸ. ಕೆಎ ಅಕ್ಷರ ಬರುವ ಮೊದಲಿನ ನಂಬರ್ ಇದ್ದರೆ ಆ ದಾಖಲೆ ಕಂಪ್ಯೂಟರಿಗೆ ಏರಿದೆಯೇ ಎಂದು ಕೇಳಿ. ಏರಿರದಿದ್ದರೆ ಮೂಲ ಕಡತದಿಂದ ಏರಿಸುವ ಕೆಲಸಕ್ಕೆ ಸಮಯ ಹಿಡಿಯುತ್ತದೆ.

ಬೈಕ್ ತೀರಿಕೊಂಡ ತಂದೆಯ ಹೆಸರಿನಲ್ಲಿದ್ದರೆ ನಮೂನೆ 31ರಲ್ಲಿ ವರ್ಗಾವಣೆಯ ಅರ್ಜಿ ಹಾಕಬೇಕು. ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗೆ ಇವನ್ನು ಜೋಡಿಸಿಟ್ಟುಕೊಳ್ಳಿ. ಇದರ ಜೊತೆಗೆ ವಿಮೆ, ಹೊಗೆ ತಪಾಸಣೆಯ ಪ್ರಮಾಣಪತ್ರ, ಎಚ್‌ಎಸ್‌ಆರ್‌ಪಿ ಎಂದು ಕರೆಯುವ ಅತಿ ಸುರಕ್ಷಿತ ನೋಂದಣಿ ಫಲಕ, ಇವೂ ಬೇಕು. 2019ರ ಏಪ್ರಿಲ್ 1ಕ್ಕೆ ಮೊದಲು ನೋಂದಣಿಯಾದ ವಾಹನಗಳಿಗೂ ಈ ಫಲಕ ಕಡ್ಡಾಯ.

ಇಲ್ಲಿ ಎರಡು ಹೊಂಡಗಳಿವೆ. ಮೊದಲನೆಯದು ವಿಂಟೇಜ್ ನೋಂದಣಿಯ ಆಸೆ. 50 ವರ್ಷ ದಾಟಿದ ವಾಹನಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ನಿಯಮ ತಂದಿದೆ. ಕೇಳಲು ಗೌರವದ ಮಾತು. ಆದರೆ ಹಾಗೆ ನೋಂದಣಿಯಾದ ವಾಹನವನ್ನು ಪ್ರದರ್ಶನ, ರ್‍ಯಾಲಿ, ದುರಸ್ತಿಯಂಥ ಕಾರಣಗಳಿಗೆ ಬಿಟ್ಟು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ದೂರ ಹೋಗುವ ಇರಾದೆಯಿದ್ದರೆ ಸಾಮಾನ್ಯ ನವೀಕರಣವೇ ನಿಮ್ಮ ದಾರಿ. ಎರಡನೆಯದು ದೆಹಲಿ. ರಾಜಧಾನಿ ವಲಯದಲ್ಲಿ 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲೆ ನಿರ್ಬಂಧದ ಆದೇಶಗಳು ಬಂದಿವೆ, ಅವುಗಳ ಜಾರಿ ಆಗಾಗ ಬದಲಾಗುತ್ತಲೂ ಇದೆ. ಲಡಾಖಿಗೆ ಹೋಗುವವರು ಆ ವಲಯವನ್ನು ಬಳಸಿಕೊಂಡು ಹೋಗುವ ದಾರಿಯನ್ನೇ ಹಾಕಿಕೊಳ್ಳುವುದು ಜಾಣತನ.

2. ಕಿಕ್ ಹೊಡೆಯಬೇಡಿ

ಶೆಡ್ಡಿನಿಂದ ಹೊರಗೆ ತಂದೊಡನೆ ಎಲ್ಲರೂ ಮಾಡುವ ಮೊದಲ ಕೆಲಸ ಇದು. ಹೊಸ ಪೆಟ್ರೋಲ್ ಸುರಿದು, ಪ್ಲಗ್ ಒರೆಸಿ, ನಾಲ್ಕು ಕಿಕ್ ಹೊಡೆದು "ಸ್ಟಾರ್ಟ್ ಆಯಿತು!" ಎಂದು ಸಂಭ್ರಮಿಸುತ್ತಾರೆ. ಸಿಲಿಂಡರ್ ಒಳಗೋಡೆಗೆ ಹಿಡಿದ ತುಕ್ಕು ಆ ನಾಲ್ಕು ಕಿಕ್ಕಿನಲ್ಲೇ ಪಿಸ್ಟನ್ನನ್ನು ಗೀರಿರುತ್ತದೆ. ನಮ್ಮ ಕಡೆಯ ಶೆಡ್ಡುಗಳಲ್ಲಿ ಇನ್ನೊಂದು ಕಾಟವಿದೆ. ಕಣಜಗಳು ಸೈಲೆನ್ಸರಿನ ಬಾಯಿಯಲ್ಲಿ, ಏರ್ ಫಿಲ್ಟರಿನ ಕೊಳವೆಯಲ್ಲಿ ಮಣ್ಣಿನ ಗೂಡು ಕಟ್ಟಿರುತ್ತವೆ. ಆ ಮಣ್ಣು ಎಂಜಿನ್ ಒಳಗೆ ಹೋದರೆ ಬೇರಿಂಗ್ ಉಳಿಯುವುದಿಲ್ಲ.

ಪ್ಲಗ್ ಬಿಚ್ಚಿ, ಆ ರಂಧ್ರದಲ್ಲಿ ಸ್ವಲ್ಪ ಡೀಸೆಲ್ ಮತ್ತು ಟುಟಿ ಆಯಿಲ್ ಬೆರೆಸಿ ಬಿಡಿ. ಟುಟಿ ಎಂದರೆ ಟು ಸ್ಟ್ರೋಕ್ ಎಂಜಿನ್ನಿನ ಪೆಟ್ರೋಲಿಗೆ ಬೆರೆಸುವ ಎಣ್ಣೆ. ಎರಡು ಮೂರು ದಿನ ಹಾಗೇ ಬಿಟ್ಟು, ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ಮೆಲ್ಲಗೆ ಮುಂದಕ್ಕೂ ಹಿಂದಕ್ಕೂ ಅಲ್ಲಾಡಿಸಿ. ಪಿಸ್ಟನ್ ಬಿಟ್ಟುಕೊಂಡರೆ ಒಳ್ಳೆಯದು. ಬಿಡದಿದ್ದರೆ ಇನ್ನಷ್ಟು ದಿನ ಕಾಯಿರಿ. ಸುತ್ತಿಗೆ ಹಿಡಿದವರಿಗೆ ಕೊನೆಗೆ ಸಿಗುವುದು ಬಾಗಿದ ಕನೆಕ್ಟಿಂಗ್ ರಾಡ್. ಹೇಗಿದ್ದರೂ ಎಂಜಿನ್ ಇಳಿಸುವುದು ಖಚಿತ, ಆದ್ದರಿಂದ ಈ ಹಂತದಲ್ಲಿ ಆತುರದಿಂದ ಗಳಿಸುವುದು ಏನೂ ಇಲ್ಲ.

3. ಬಿಚ್ಚುವ ಕ್ರಮ

ಪ್ರತಿ ಭಾಗ ತೆಗೆಯುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ವಿಶೇಷವಾಗಿ ವೈರಿಂಗ್, ಕೇಬಲ್ ಹಾದುಹೋಗಿರುವ ದಾರಿ, ವಾಷರುಗಳ ಸರದಿ. ಬೋಲ್ಟುಗಳನ್ನು ಒಂದೇ ಡಬ್ಬಕ್ಕೆ ಸುರಿಯಬೇಡಿ. ಜಿಪ್ ಇರುವ ಪ್ಲಾಸ್ಟಿಕ್ ಚೀಲಗಳಿಗೆ ಹಾಕಿ ಎಲ್ಲಿಯದು ಎಂದು ಬರೆದಿಡಿ. ಮೂರು ತಿಂಗಳ ನಂತರ ನಿಮ್ಮ ನೆನಪನ್ನು ನಂಬುವಂತಿಲ್ಲ.

ಮೂಲ ಬಿಡಿಭಾಗ ಎಷ್ಟೇ ಸವೆದಿದ್ದರೂ ಗುಜರಿಗೆ ಹಾಕಬೇಡಿ. ಕಾರ್ಖಾನೆಯ ಭಾಗಗಳು ಈಗ ಅಪರೂಪ. ಪೇಟೆಯಲ್ಲಿ ಸಿಗುವುದು ಬಹುಪಾಲು ಬೇರೆಯವರು ತಯಾರಿಸಿದ ನಕಲು. ಅಳತೆ ಹೊಂದದಿದ್ದಾಗ ಹೋಲಿಸಿ ನೋಡಲು ಹಳೆಯದು ಕೈಯಲ್ಲಿರಬೇಕು. ಬೆಂಗಳೂರಿನ ಜೆ.ಸಿ. ರಸ್ತೆ ಮತ್ತು ಮೈಸೂರಿನ ಹಳೆಯ ಬಿಡಿಭಾಗದ ಅಂಗಡಿಗಳು ಮೊದಲ ವಿಚಾರಣೆಗೆ ತಕ್ಕ ಜಾಗ. ಹಳೆಯ ತುಂಡನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ.

ಮೆಕ್ಯಾನಿಕ್ಕಿನ ಆಯ್ಕೆಯ ಬಗ್ಗೆ ಒಂದು ಮಾತು. ನಮ್ಮ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಯೆಜ್ಡಿ ಬಲ್ಲ ಹಿರಿಯ ಮೇಸ್ತ್ರಿಗಳು ಇನ್ನೂ ಇದ್ದಾರೆ, ಆದರೆ ಅನೇಕರು ಅಂಗಡಿ ಮುಚ್ಚಿ ಮನೆಯಲ್ಲಿದ್ದಾರೆ. ಅವರನ್ನು ಹುಡುಕಿ, ದಿನಗೂಲಿ ಕೊಟ್ಟು ನಿಮ್ಮ ಶೆಡ್ಡಿಗೇ ಕರೆತನ್ನಿ, ನೀವು ಪಕ್ಕದಲ್ಲಿ ಕುಳಿತು ಕೈಜೋಡಿಸಿ. ನಾಳೆ ಗೊತ್ತಿಲ್ಲದ ಊರಿನಲ್ಲಿ ಬೈಕ್ ನಿಂತಾಗ ಈ ಕಲಿಕೆಯೇ ಉಪಯೋಗಕ್ಕೆ ಬರುವುದು. ಬೈಕ್ ಬಿಟ್ಟು ಬಂದು, ಮುಗಿದ ಮೇಲೆ ಹೋಗಿ ತರುವವರು ದೂರದ ಪ್ರಯಾಣದ ಯೋಚನೆಯನ್ನು ಮರುಪರಿಶೀಲಿಸಬೇಕು.

4. ಎಂಜಿನ್

ಮೇಸ್ತ್ರಿಗಳು "ಹಾಫ್ ಎಂಜಿನ್ ಸಾಕು" ಎಂದರೆ ಒಪ್ಪಬೇಡಿ. ಹಾಫ್ ಎಂದರೆ ಹೆಡ್, ಸಿಲಿಂಡರ್, ಪಿಸ್ಟನ್ ಕೆಲಸ ಮಾತ್ರ. ಫುಲ್ ಎಂದರೆ ಕ್ರ್ಯಾಂಕ್‌ಕೇಸ್ ಬಿಚ್ಚಿ ಒಳಗಿನದೆಲ್ಲವನ್ನೂ ನೋಡುವುದು. ವರ್ಷಗಟ್ಟಲೆ ನಿಂತ ಟು ಸ್ಟ್ರೋಕ್ ಎಂಜಿನ್ನಿನಲ್ಲಿ ಮೊದಲು ಸಾಯುವುದು ಕ್ರ್ಯಾಂಕಿನ, ಅಂದರೆ ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿ ಬದಲಿಸುವ ಭಾಗದ ಆಯಿಲ್ ಸೀಲುಗಳು. ಅವು ಇರುವುದು ತಳದಲ್ಲಿ.

ಈ ಸೀಲುಗಳ ಮಹತ್ವವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಟು ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಮೊದಲು ಕ್ರ್ಯಾಂಕ್ ಕೋಣೆಗೆ ಬಂದು, ಅಲ್ಲಿ ಒತ್ತಡಕ್ಕೆ ಸಿಕ್ಕಿ, ಆಮೇಲೆ ಮೇಲಕ್ಕೆ ಹೋಗುತ್ತದೆ. ಆದ್ದರಿಂದ ಆ ಕೋಣೆ ಗಾಳಿಯಾಡದಂತೆ ಮುಚ್ಚಿರಬೇಕು. ಯೆಜ್ಡಿಯ ಎಡಬದಿಯಲ್ಲಿ ಪ್ರೈಮರಿ ಚೈನ್ ಮತ್ತು ಕ್ಲಚ್ ಇವೆ, ಅಲ್ಲಿ ಗೇರ್‌ಬಾಕ್ಸಿನ ಎಣ್ಣೆ ಇರುತ್ತದೆ. ಎಡಗಡೆಯ ಸೀಲ್ ಹೋದರೆ ಎಂಜಿನ್ ಆ ಎಣ್ಣೆಯನ್ನೇ ಹೀರಿ ಸುಡುತ್ತದೆ. ಬಿಳಿ ಹೊಗೆ ದಟ್ಟವಾಗಿ ಬರುತ್ತದೆ, ಗೇರ್ ಎಣ್ಣೆ ಕಾರಣವಿಲ್ಲದೆ ಇಳಿಯುತ್ತದೆ. ಇದು ಕಣ್ಣಿಗೆ ಕಾಣುವ ರೋಗ. ಬಲಗಡೆ, ಅಂದರೆ ಡೈನಮೋ ಇರುವ ಕಡೆಯ ಸೀಲ್ ಹೋದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಮಿಶ್ರಣದಲ್ಲಿ ಪೆಟ್ರೋಲಿನ ಪಾಲು, ಅದರೊಂದಿಗೆ ಎಣ್ಣೆಯ ಪಾಲು ಕಡಿಮೆಯಾಗಿ ಪಿಸ್ಟನ್ ಕಾಯುತ್ತದೆ. ಹೊಗೆಯಿಲ್ಲ, ಸದ್ದಿಲ್ಲ, ಬೈಕ್ ಮಾಮೂಲಿಗಿಂತ ಚುರುಕಾಗಿದೆ ಎಂದೇ ಅನ್ನಿಸುತ್ತದೆ. ಒಂದು ಉದ್ದದ ಏರಿನಲ್ಲಿ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ಚಕ್ರ ನಿಂತುಬಿಡುತ್ತದೆ. ಇದನ್ನೇ ಎಂಜಿನ್ ಸೀಜ್ ಆಗುವುದು ಎನ್ನುವುದು. ಸೀಲಿನ ಬೆಲೆ ಇಡೀ ಖರ್ಚಿನಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಎರಡನ್ನೂ ಹೊಸದು ಹಾಕಿ, ಜೊತೆಗೆ ಕ್ರ್ಯಾಂಕಿನ ಮುಖ್ಯ ಬೇರಿಂಗುಗಳನ್ನೂ ಬದಲಿಸಿ. ಎಂಜಿನ್ ಜೋಡಿಸಿ ಓಡಿಸಿದ ಮೇಲೆ ಐಡಲಿಂಗ್ ತಾನಾಗಿ ಏರಿಳಿಯುತ್ತಿದ್ದರೆ ಎಲ್ಲೋ ಗಾಳಿ ನುಗ್ಗುತ್ತಿದೆ ಎಂದೇ ತಿಳಿಯಿರಿ. ಕಾರ್ಬುರೇಟರ್ ಸ್ಕ್ರೂ ತಿರುವಿ ಅದನ್ನು ಮುಚ್ಚಿಹಾಕುವ ಮೇಸ್ತ್ರಿಗಳಿದ್ದಾರೆ.

ಕನೆಕ್ಟಿಂಗ್ ರಾಡನ್ನು ಹಿಡಿದು ನೇರ ಮೇಲೆ ಕೆಳಗೆ ಎಳೆದು ತಳ್ಳಿ ನೋಡಿ. ಪಕ್ಕಕ್ಕೆ ತುಸು ಅಲುಗಾಟ ಇರಬಹುದು, ಮೇಲೆ ಕೆಳಗೆ ಸ್ವಲ್ಪವೂ ಇರಬಾರದು. ಇದ್ದರೆ ರಾಡ್, ಪಿನ್, ಬಿಗ್ ಎಂಡ್ ಬೇರಿಂಗ್ ಮೂರನ್ನೂ ಕಿಟ್ಟಾಗಿ ಬದಲಿಸಬೇಕು. ಈ ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಒತ್ತಿ ಕೂರಿಸುತ್ತಾರೆ, ಸುತ್ತಿಗೆಯ ಕೆಲಸವಲ್ಲ. ಕೂರಿಸಿದ ಮೇಲೆ ಲೇತಿನ ಸೆಂಟರುಗಳ ನಡುವೆ ಇಟ್ಟು ಡಯಲ್ ಗೇಜಿನಲ್ಲಿ ಓಲಾಟ ಅಳೆಯಬೇಕು. 0.03 ಮಿ.ಮೀ. ಒಳಗಿದ್ದರೆ ಸರಿ. ಡಯಲ್ ಗೇಜ್ ಇಲ್ಲದ ಅಂಗಡಿಗೆ ಕ್ರ್ಯಾಂಕ್ ಕೊಡಬೇಡಿ.

ಬೋರ್ ಮಾಡಿಸುವ ಕೆಲಸದಲ್ಲಿ ಮೂರು ತಪ್ಪುಗಳು ಪದೇ ಪದೇ ಆಗುತ್ತವೆ. ಈ ಸಿಲಿಂಡರಿನ ಮೂಲ ವ್ಯಾಸ 65 ಮಿ.ಮೀ. ಸವೆದಂತೆ ಅದನ್ನು ಕೊರೆದು ದೊಡ್ಡದು ಮಾಡಿ, 0.25, 0.50, 0.75, 1.00 ಮಿ.ಮೀ. ಹೆಚ್ಚಿನ ಅಳತೆಯ ಪಿಸ್ಟನ್ ಹಾಕುತ್ತಾರೆ. ಮೊದಲ ತಪ್ಪು, ಪಿಸ್ಟನ್ ಕೈಗೆ ಬರುವ ಮೊದಲೇ ಸಿಲಿಂಡರನ್ನು ಬೋರಿಗೆ ಕೊಡುವುದು. ಪಿಸ್ಟನ್ ಮೇಲೆ ಬರೆದ ಅಳತೆಗೂ ನಿಜವಾದ ಅಳತೆಗೂ ನಕಲು ಮಾಲಿನಲ್ಲಿ ವ್ಯತ್ಯಾಸ ಇರುತ್ತದೆ. ಮೊದಲು ಪಿಸ್ಟನ್ ತನ್ನಿ, ಅದನ್ನು ಮೈಕ್ರೋಮೀಟರಿನಲ್ಲಿ ಅಳೆಸಿ, ಅದಕ್ಕೆ ತಕ್ಕಂತೆ ಕೊರೆಸಿ. ಎರಡನೆಯದು, ಪೋರ್ಟುಗಳ ಅಂಚನ್ನು ಹಾಗೇ ಬಿಡುವುದು. ಪೋರ್ಟ್ ಎಂದರೆ ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿ; ಬೋರ್ ಆದ ಮೇಲೆ ಅದರ ಅಂಚು ಬ್ಲೇಡಿನಷ್ಟು ಹರಿತವಾಗಿರುತ್ತದೆ. ಅದನ್ನು ಸಣ್ಣ ಅರದಿಂದ ತೀಡಿ ಮೊಂಡು ಮಾಡದಿದ್ದರೆ ರಿಂಗ್ ಸಿಕ್ಕಿ ಮುರಿಯುತ್ತದೆ. ಫೋರ್ ಸ್ಟ್ರೋಕ್ ಮಾತ್ರ ಮಾಡಿ ರೂಢಿಯಿರುವ ಅಂಗಡಿಗಳು ಇದನ್ನು ಮರೆಯುತ್ತವೆ, ಆದ್ದರಿಂದ ಬೆರಳು ಹಾಕಿ ನೀವೇ ಮುಟ್ಟಿ ನೋಡಿ. ಮೂರನೆಯದು ಜೋಡಣೆಯಲ್ಲಿ. ಪಿಸ್ಟನ್ನಿನ ರಿಂಗ್ ಕಾಲುವೆಯಲ್ಲಿ ಪುಟ್ಟ ಪಿನ್ ಇರುತ್ತದೆ, ರಿಂಗಿನ ಬಾಯಿ ಅದರ ಮೇಲೆಯೇ ಕೂರಬೇಕು. ಪಿಸ್ಟನ್ ತಲೆಯ ಮೇಲಿನ ಬಾಣದ ಗುರುತು ಸೈಲೆನ್ಸರ್ ಕಡೆಗಿರಬೇಕು. ಪಿಸ್ಟನ್ ಪಿನ್ ಜಾರದಂತೆ ಹಿಡಿಯುವ ಸರ್ಕ್ಲಿಪ್ ಹಳೆಯದನ್ನೇ ಮತ್ತೆ ಹಾಕಬಾರದು.

ಉಳಿದದ್ದನ್ನು ಬೇಗ ಹೇಳುತ್ತೇನೆ. ಸೈಲೆನ್ಸರಿನೊಳಗಿನ ನಳಿಗೆ ಮತ್ತು ಎಕ್ಸಾಸ್ಟ್ ಪೋರ್ಟಿನಲ್ಲಿ ಕಟ್ಟಿದ ಮಸಿ ಕೆರೆದು ತೆಗೆಯಿರಿ. ಗೇರ್ ಲಿವರೇ ಕಿಕ್ ಲಿವರ್ ಆಗಿರುವ ಈ ಬೈಕಿನಲ್ಲಿ ಅದರ ಹಲ್ಲುಗಳು ಸವೆದಿದ್ದರೆ ಕಾಡಿನ ನಡುವೆ ಕಿಕ್ ಜಾರುತ್ತದೆ, ಲಿವರ್ ಹೊಸದಾಗಲಿ. ಕ್ಲಚ್ ಪ್ಲೇಟುಗಳ ಕಾರ್ಕ್ ಒಣಗಿ ಪುಡಿಯಾಗಿರುತ್ತದೆ, ಬದಲಿಸಿ. ಗೇರ್ ಬದಲಿಸುವಾಗ ಲಿವರೇ ಕ್ಲಚ್ಚನ್ನು ಬಿಡಿಸುವ ಏರ್ಪಾಡು ಇದರಲ್ಲಿದೆ, ಅದರ ಸ್ಕ್ರೂ ಹೊಂದಾಣಿಕೆ ಬಿಗಿಯಾದರೆ ಕ್ಲಚ್ ಜಾರುತ್ತದೆ. ಸರಿಯಾಗಿರುವ ಗೇರ್‌ಗಳನ್ನು ಸುಮ್ಮನೆ ಕೆದಕಬೇಡಿ.

5. ಟ್ಯಾಂಕ್, ಕಾರ್ಬುರೇಟರ್, ಎಣ್ಣೆಯ ಲೆಕ್ಕ

ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ನೋಡಿ. ಕಂದು ಪದರ ಕಂಡರೆ ಒಂದು ಹಿಡಿ ಸಣ್ಣ ನಟ್ಟುಗಳನ್ನೋ ಜಲ್ಲಿಯ ಚೂರುಗಳನ್ನೋ ಹಾಕಿ, ತುಕ್ಕು ಕರಗಿಸುವ ದ್ರಾವಣ ಸುರಿದು ಚೆನ್ನಾಗಿ ಕುಲುಕಿಸಿ. ಆಮೇಲೆ ವಾಷಿಂಗ್ ಸೋಡಾ ನೀರಿನಿಂದ ತೊಳೆದು, ತಡಮಾಡದೆ ಬಿಸಿಲಿನಲ್ಲಿ ಒಣಗಿಸಿ ಎಣ್ಣೆ ಸವರಿ. ಮಲೆನಾಡಿನ ತೇವದಲ್ಲಿ ತೊಳೆದ ಟ್ಯಾಂಕ್ ಒಂದು ರಾತ್ರಿಯಲ್ಲೇ ಮತ್ತೆ ತುಕ್ಕು ಹಿಡಿಯುತ್ತದೆ. ಟ್ಯಾಂಕಿಗೆ ಬಣ್ಣ ಹೊಡೆಸುವುದಿದ್ದರೆ ಅದು ಈ ಕೆಲಸದ ನಂತರ.

ಈಗ ಬಂಕಿನಲ್ಲಿ ಸಿಗುವುದು ಶೇ. 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಹಳೆಯ ರಬ್ಬರ್ ಕೊಳವೆ, ಪೆಟ್ರೋಲ್ ಕಾಕಿನ ವಾಷರುಗಳನ್ನು ಎಥೆನಾಲ್ ಮೆತ್ತಗೆ ಮಾಡಿ ಕೆಡಿಸುತ್ತದೆ, ಗಾಳಿಯ ತೇವವನ್ನೂ ಹೀರುತ್ತದೆ. ಎಥೆನಾಲ್ ತಾಳುವ ಕೊಳವೆ ಹಾಕಿ, ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕ್ ಬರಿದು ಮಾಡಿ. ಈ ಪೆಟ್ರೋಲಿನಲ್ಲಿ ಮಿಶ್ರಣ ಸ್ವಲ್ಪ ತೆಳುವಾಗುತ್ತದೆ, ಅಂದರೆ ಗಾಳಿಯ ಪಾಲು ಹೆಚ್ಚಾಗುತ್ತದೆ. ಅದನ್ನು ಸರಿದೂಗಿಸಲು ಕಾರ್ಬುರೇಟರಿನ ಮೇನ್ ಜೆಟ್, ಅಂದರೆ ಪೆಟ್ರೋಲ್ ಹರಿಯುವ ಅಳತೆಯ ರಂಧ್ರವಿರುವ ಹಿತ್ತಾಳೆಯ ತುಂಡು, ಒಂದು ಅಳತೆ ದೊಡ್ಡದು ಬೇಕಾಗಬಹುದು. ಊಹೆಯಿಂದ ಬದಲಿಸಬೇಡಿ, ಪ್ಲಗ್ಗಿನ ಬಣ್ಣ ನೋಡಿ ಬದಲಿಸಿ. ಹತ್ತು ಕಿ.ಮೀ. ಒಂದೇ ವೇಗದಲ್ಲಿ ಓಡಿಸಿ, ಎಂಜಿನ್ ಆರಿಸಿ, ಪ್ಲಗ್ ತೆಗೆದಾಗ ತುದಿ ಕಂದು ಬಣ್ಣದಲ್ಲಿದ್ದರೆ ಸರಿ. ಬೆಳ್ಳಗಿದ್ದರೆ ಮಿಶ್ರಣ ತೆಳು, ಇದು ಅಪಾಯ. ಕಪ್ಪಗೆ ಜಿಡ್ಡಾಗಿದ್ದರೆ ದಪ್ಪ. ಹೊಗೆ ಹೆಚ್ಚು, ಮೈಲೇಜ್ ಕಡಿಮೆ, ಅಷ್ಟೇ.

ಎಣ್ಣೆಯ ವಿಷಯದಲ್ಲಿ ಎಲ್ಲರದೂ ಒಂದೊಂದು ಲೆಕ್ಕ. ಹೊಸ ಪಿಸ್ಟನ್ ಪಳಗುವವರೆಗೆ ಲೀಟರ್ ಪೆಟ್ರೋಲಿಗೆ 40 ಮಿ.ಲೀ., ಆಮೇಲೆ ಒಳ್ಳೆಯ ಟುಟಿ ಎಣ್ಣೆಯಾದರೆ 30ರಿಂದ 35 ಮಿ.ಲೀ. ಸಾಕು. ಮೊದಲು ಎಣ್ಣೆ, ಅದರ ಮೇಲೆ ಪೆಟ್ರೋಲ್ ಹಾಕಿಸಿದರೆ ತಾನಾಗಿ ಬೆರೆಯುತ್ತದೆ. ಬೈಕ್ ನಿಲ್ಲಿಸಿದಾಗಲೆಲ್ಲ ಪೆಟ್ರೋಲ್ ಕಾಕ್ ಮುಚ್ಚಿ. ತೆರೆದಿಟ್ಟರೆ ಕಾರ್ಬುರೇಟರ್ ಸೋರಿ ಬೆಳಿಗ್ಗೆ ಕ್ರ್ಯಾಂಕ್ ಕೋಣೆ ತುಂಬಿರುತ್ತದೆ.

6. ವೈರಿಂಗ್

ದಾರಿಯಲ್ಲಿ ನಿಲ್ಲುವ ಹಳೆಯ ಬೈಕುಗಳಲ್ಲಿ ಹೆಚ್ಚಿನವು ಎಂಜಿನ್ ಕೆಟ್ಟು ನಿಂತವಲ್ಲ, ವೈರು ಕೈಕೊಟ್ಟು ನಿಂತವು. ಇಲಿ ಕಡಿದ ವೈರಿಗೆ ಟೇಪ್ ಸುತ್ತುತ್ತಾ ಹೋಗಬೇಡಿ. ಇಡೀ ಹಾರ್ನೆಸ್, ಎಂದರೆ ವೈರುಗಳ ಕಟ್ಟನ್ನು ಹೊಸದಾಗಿ ಹಾಕಿಸಿ. ಕೂಡಿಸುವ ಕಡೆಯೆಲ್ಲ ತಿರುಚಿ ಟೇಪ್ ಹಾಕುವ ಬದಲು ಟರ್ಮಿನಲ್ ಒತ್ತಿಸಿ. ಅರ್ತ್ ವೈರ್ ಕೂರುವ ಜಾಗದಲ್ಲಿ ಬಣ್ಣ ಕೆರೆದು ಬರಿಯ ಲೋಹ ಕಾಣಬೇಕು. ಹೊಸ ಬಣ್ಣದ ಮೇಲೆಯೇ ಅರ್ತ್ ಬಿಗಿದು, ಸ್ಪಾರ್ಕ್ ಯಾಕಿಲ್ಲ ಎಂದು ದಿನಗಟ್ಟಲೆ ಹುಡುಕಿದವರು ಬಹಳ. ಬ್ಯಾಟರಿಯ ಹತ್ತಿರ ಫ್ಯೂಸ್ ಇರಲಿ.

ಇಗ್ನಿಷನ್‌ನಲ್ಲಿ ಪಾಯಿಂಟ್, ಕಂಡೆನ್ಸರ್, ಕಾಯಿಲ್ ಮೂರೂ ಹೊಸದಾಗಲಿ. ಪಾಯಿಂಟ್ ಎಂದರೆ ಸ್ಪಾರ್ಕ್ ಬರಬೇಕಾದ ಗಳಿಗೆಗೆ ಬಾಯಿ ತೆರೆಯುವ ಪುಟ್ಟ ಸ್ವಿಚ್. ಅದರ ಅಂತರ ಸುಮಾರು 0.4 ಮಿ.ಮೀ.; ಫೀಲರ್ ಗೇಜ್ ಹಾಕಿ ನೋಡಿ, ಬ್ಲೇಡಿನ ತುಂಡು ಹಾಕಿ ಅಲ್ಲ. 6 ವೋಲ್ಟಿನ ಬೈಕನ್ನು 12 ವೋಲ್ಟಿಗೆ, ಎಲೆಕ್ಟ್ರಾನಿಕ್ ಇಗ್ನಿಷನ್ನಿಗೆ ಬದಲಿಸುವ ಕಿಟ್ಟುಗಳು ಸಿಗುತ್ತವೆ. ರಾತ್ರಿ ಬೆಳಕು ಚೆನ್ನಾಗಿ ಬೇಕೆಂದರೆ 12 ವೋಲ್ಟ್ ಒಳ್ಳೆಯದೇ. ಆದರೆ ಇಗ್ನಿಷನ್ ವಿಷಯದಲ್ಲಿ ನನ್ನ ಮತ ಪಾಯಿಂಟಿಗೆ. ಪಾಯಿಂಟ್ ಕೆಟ್ಟರೆ ಅರ ಹಾಕಿ ತೀಡಿ ಮುಂದಿನ ಊರು ಮುಟ್ಟಬಹುದು, ಎಲೆಕ್ಟ್ರಾನಿಕ್ ಪೆಟ್ಟಿಗೆ ಕೆಟ್ಟರೆ ಕೊರಿಯರ್ ಬರುವವರೆಗೆ ಲಾಡ್ಜಿನಲ್ಲಿ ಕೂರಬೇಕು.

7. ಚಕ್ರ, ಬ್ರೇಕ್, ಶಾಕ್

ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆ ಇರುತ್ತದೆ. 2325 ಎಂದಿದ್ದರೆ 2025ರ 23ನೇ ವಾರದಲ್ಲಿ ತಯಾರಾದದ್ದು. ಟೈರಿನ ಮೈಮೇಲಿನ ಗೀರುಗಳು ಎಷ್ಟೇ ಆಳವಾಗಿದ್ದರೂ ಐದಾರು ವರ್ಷ ಮೀರಿದ ಟೈರ್ ಬೇಡ, ಅಂಗಡಿಯಲ್ಲಿ ಹೊಸದೆಂದು ಕೊಟ್ಟರೂ ಬೇಡ. ಟ್ಯೂಬ್, ಅದರ ಕೆಳಗಿನ ರಬ್ಬರ್ ಪಟ್ಟಿ ಹೊಸದಾಗಲಿ. ರಿಮ್ಮಿನ ಒಳಭಾಗ ತುಕ್ಕು ತಿಂದಿದ್ದರೆ ಸ್ಪೋಕುಗಳು ಲಗೇಜಿನ ಭಾರಕ್ಕೆ ಒಂದೊಂದಾಗಿ ಕಳಚುತ್ತವೆ.

ಡ್ರಮ್ ಬ್ರೇಕಿನಲ್ಲಿ ಹೊಸ ಲೈನರ್ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಡ್ರಮ್ಮಿನ ಒಳಮೈಯನ್ನು ಲೇತಿನಲ್ಲಿ ನಯ ಮಾಡಿಸಿ, ಲೈನರ್ ಅದಕ್ಕೆ ಪೂರ್ತಿ ಒರಗುವಂತೆ ಹೊಂದಿಸಬೇಕು. ಮುಂಭಾಗದ ಫೋರ್ಕಿನ ಎಣ್ಣೆ, ಸೀಲು, ಹ್ಯಾಂಡಲಿನ ಕೋನ್ ಸೆಟ್ಟು, ಹಿಂಬದಿಯ ಸ್ವಿಂಗ್ ಆರ್ಮ್ ಬುಶ್, ಇವುಗಳಲ್ಲಿ ಒಂದು ಸವೆದಿದ್ದರೂ ತಿರುವಿನಲ್ಲಿ ಬೈಕ್ ಓಲಾಡುತ್ತದೆ. ಯೆಜ್ಡಿಯ ಚೈನ್ ಪೂರ್ತಿ ಮುಚ್ಚಿದ ಕವಚದೊಳಗಿರುತ್ತದೆ. ಕಣ್ಣಿಗೆ ಕಾಣದ್ದರಿಂದ ಅದನ್ನು ಎಲ್ಲರೂ ಮರೆಯುತ್ತಾರೆ. ಚೈನ್ ಮತ್ತು ಸ್ಪ್ರಾಕೆಟ್ ಒಟ್ಟಿಗೇ ಬದಲಿಸಿ.

ಸೀಟಿನ ಫೋಮ್ ಬಗ್ಗೆ ಯಾರೂ ಯೋಚಿಸುವುದಿಲ್ಲ. ಮೂರನೆಯ ದಿನ ಎಲ್ಲರೂ ಅದರ ಬಗ್ಗೆಯೇ ಯೋಚಿಸುತ್ತಾರೆ.

8. ಬಣ್ಣ

ಹಣ ಉಳಿದಿದ್ದರೆ ಮಾಡಿಸಿ. ಜುಲೈ ತಿಂಗಳ ತೇವದಲ್ಲಿ ಹೊಡೆಸಿದರೆ ಬಣ್ಣದ ಮೇಲೆ ಬಿಳಿ ಮಂಕು ಕೂರುತ್ತದೆ, ಬಿಸಿಲು ಬರುವವರೆಗೆ ಕಾಯಿರಿ. ಫ್ರೇಮಿಗೆ ಪೌಡರ್ ಕೋಟಿಂಗ್ ಗಟ್ಟಿ. ಆದರೆ ಮರಳು ಹೊಡೆದು ತುಕ್ಕು ತೆಗೆಯುವಾಗ ಚಾಸಿ ಸಂಖ್ಯೆ ಅಳಿಸಿಹೋಗುವುದುಂಟು, ಕೋಟಿಂಗಿನಲ್ಲಿ ಮುಚ್ಚಿಹೋಗುವುದುಂಟು. ಆ ಜಾಗಕ್ಕೆ ದಪ್ಪ ಟೇಪ್ ಅಂಟಿಸಿ ಕೊಡಿ, ಕೊಡುವ ಮೊದಲು ಕಾಗದ ಇಟ್ಟು ಪೆನ್ಸಿಲಿನಲ್ಲಿ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಸಂಖ್ಯೆ ಅಳಿದ ಬೈಕನ್ನು ಆರ್‌ಟಿಒ ಎದುರು ನಿಲ್ಲಿಸುವ ಕಷ್ಟ ಯಾರಿಗೂ ಬೇಡ.

9. ಪಳಗಿಸುವ ಓಟ

ಜೋಡಣೆ ಮುಗಿದ ಮರುದಿನವೇ ದೂರ ಹೊರಡುವುದು ನಾನು ಕಂಡ ಎಲ್ಲ ತಪ್ಪುಗಳಲ್ಲಿ ಅತಿ ಸಾಮಾನ್ಯವಾದದ್ದು. ಕನಿಷ್ಠ 1,000 ಕಿ.ಮೀ. ಮನೆಯ ಸುತ್ತಲೇ ಓಡಿಸಿ, ಕೆಡುವುದೆಲ್ಲ ಇಲ್ಲೇ ಕೆಡಲಿ.

ಮೊದಲ 500 ಕಿ.ಮೀ. ಗಂಟೆಗೆ 40ರಿಂದ 50ರ ಒಳಗೆ, ಒಬ್ಬರೇ, ಲಗೇಜ್ ಇಲ್ಲದೆ. ಒಂದೇ ವೇಗದಲ್ಲಿ ಎಳೆಯದೆ ಏರಿಸಿ ಇಳಿಸುತ್ತಿರಿ. ಆರಂಭದಲ್ಲಿ ಪ್ರತಿ 20 ಕಿ.ಮೀ.ಗೆ ನಿಲ್ಲಿಸಿ ಎಂಜಿನ್ ತಣಿಯಲು ಬಿಡಿ. ಹಾಸನದಿಂದ ಹಳೇಬೀಡು, ಬೇಲೂರು ಸುತ್ತಿ ವಾಪಸಾದರೆ 90 ಕಿ.ಮೀ. ಆಸುಪಾಸು, ಹೆಚ್ಚು ಏರಿಲ್ಲದ ದಾರಿ, ನಿಲ್ಲಲು ದೇವಸ್ಥಾನಗಳ ನೆಪವೂ ಇದೆ. ಚಿಕ್ಕಮಗಳೂರಿನವರಿಗೆ ಬೇಲೂರು ಇನ್ನೂ ಹತ್ತಿರ. ಪ್ರತಿ ಓಟದ ನಂತರ ಎಂಜಿನ್ ಪೂರ್ತಿ ತಣಿದ ಮೇಲೆ ಹೆಡ್ ನಟ್ಟುಗಳನ್ನು, ಉಳಿದ ಬೋಲ್ಟುಗಳನ್ನು ಪರೀಕ್ಷಿಸಿ. ಮೊದಲ 500 ಮುಗಿದಾಗ ಗೇರ್ ಎಣ್ಣೆ ಬದಲಿಸಿ.

ಆಮೇಲೆ ಏರಿನ ಪರೀಕ್ಷೆ. ಪ್ರಯಾಣಕ್ಕೆ ಒಯ್ಯುವಷ್ಟೇ ಲಗೇಜ್ ಕಟ್ಟಿ, ಕೈಮರದಿಂದ ಮುಳ್ಳಯ್ಯನಗಿರಿಯ ಕಡೆಗೆ ಹತ್ತಿ. ಗಿರಿ 1,930 ಮೀಟರ್ ಎತ್ತರ. ಅಲ್ಲಿ ಪ್ರವಾಸಿ ವಾಹನಗಳಿಗೆ ಮಿತಿ ಮತ್ತು ಮುಂಗಡ ನೋಂದಣಿಯ ಕ್ರಮ ಇರುವುದರಿಂದ ವಿಚಾರಿಸಿಕೊಂಡು, ವಾರದ ನಡುವೆ ಹೋಗಿ. ಶನಿವಾರ, ಭಾನುವಾರಗಳ ಕಾರಿನ ಸಾಲಿನಲ್ಲಿ ಎಂಜಿನ್ ಕಾಯುವುದು ಬೈಕಿನ ದೋಷವಲ್ಲ. ಮೇಲೆ ಹೋಗಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಒಂದೆರಡು ಕಿಕ್ಕಿಗೆ ಹೊತ್ತಿಕೊಂಡರೆ ಗೆದ್ದಿರಿ. ಬಿಸಿಯಿದ್ದಾಗ ಹೊತ್ತಿಕೊಳ್ಳದೆ ತಣಿದ ಮೇಲೆ ಹೊತ್ತಿಕೊಂಡರೆ ಕಂಡೆನ್ಸರ್ ಅಥವಾ ಕಾಯಿಲ್ ಮೇಲೆ ಅನುಮಾನವಿಡಿ.

ಮೂರನೆಯದು ಇಳಿಜಾರಿನ ಪರೀಕ್ಷೆ, ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ. ಇಲ್ಲಿ ಟು ಸ್ಟ್ರೋಕ್ ಹೊಸಬರಿಗೆ ಗೊತ್ತಿರದ ಒಂದು ಅಪಾಯವಿದೆ. ಇದರ ಪಿಸ್ಟನ್ನಿಗೆ ಎಣ್ಣೆ ಬರುವುದು ಪೆಟ್ರೋಲಿನ ಜೊತೆಗೆ. ಆಕ್ಸಿಲರೇಟರ್ ಪೂರ್ತಿ ಮುಚ್ಚಿ, ಗೇರಿನಲ್ಲೇ ಉದ್ದಕ್ಕೂ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲ್ ಬರುತ್ತಿರುವುದಿಲ್ಲ, ಹಾಗಾಗಿ ಎಣ್ಣೆಯೂ ಇಲ್ಲ. ಕೆಳಗೆ ಮುಟ್ಟುವಷ್ಟರಲ್ಲಿ ಸೀಜ್. ಆಗಾಗ ಕ್ಲಚ್ ಹಿಡಿದು ಆಕ್ಸಿಲರೇಟರನ್ನು ಒಂದು ಕ್ಷಣ ತೆರೆದು ಎಣ್ಣೆ ಕೊಡುತ್ತಿರಿ. ಬ್ರೇಕನ್ನು ಒತ್ತಿ ಹಿಡಿದೇ ಇಳಿಯಬೇಡಿ, ಒತ್ತಿ ಬಿಟ್ಟು ಒತ್ತಿ ಬಿಟ್ಟು ಇಳಿಯಿರಿ. ಡ್ರಮ್ ಕಾದರೆ ಹಿಡಿತ ಹೋಗುತ್ತದೆ.

ಈ ಓಟಗಳಲ್ಲೇ ಮೈಲೇಜ್ ಅಳೆದು ಬರೆದಿಡಿ. ಬೇರೆಯವರ ಬೈಕಿನ ಅಂಕಿ ನಿಮ್ಮ ಟ್ಯಾಂಕಿಗೆ ಹೊಂದುವುದಿಲ್ಲ.

10. ಗಂಟುಮೂಟೆ

ಭಾರವನ್ನು ಆದಷ್ಟು ಕೆಳಗೆ, ಹಿಂದಿನ ಚಕ್ರದ ಅಚ್ಚಿಗಿಂತ ಮುಂದಕ್ಕೆ ಕಟ್ಟಿ. ಸೀಟಿನ ಹಿಂದೆ ಗೋಪುರ ಕಟ್ಟಿದರೆ ಹ್ಯಾಂಡಲ್ ಹಗುರಾಗಿ ಓಲಾಡುತ್ತದೆ. ಜೊತೆಗಿರಬೇಕಾದವು: ಎರಡು ಪ್ಲಗ್, ಪಾಯಿಂಟ್ ಮತ್ತು ಕಂಡೆನ್ಸರ್ ಒಂದು ಜೊತೆ, ಫೀಲರ್ ಗೇಜ್, ಸಣ್ಣ ಅರ, ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್, ಚೈನ್ ಲಾಕ್, ಎರಡೂ ಚಕ್ರದ ಟ್ಯೂಬ್, ಟೈರ್ ಲಿವರ್, ಪಂಪ್, ಫ್ಯೂಸ್, ಒಂದಿಷ್ಟು ವೈರ್, ಎಂ ಸೀಲ್, ಹೆಡ್ ಗ್ಯಾಸ್ಕೆಟ್. ಬದಲಿ ಕ್ಲಚ್ ಕೇಬಲ್ಲನ್ನು ಚೀಲದಲ್ಲಿ ಇಡದೆ ಈಗಿರುವ ಕೇಬಲ್ಲಿನ ಪಕ್ಕದಲ್ಲೇ ಎಳೆದು ಕಟ್ಟಿಡಿ. ಕತ್ತಲಲ್ಲಿ ತುಂಡಾದಾಗ ಎರಡು ತುದಿ ಸಿಕ್ಕಿಸಿದರೆ ಆಯಿತು. ಟುಟಿ ಎಣ್ಣೆ ಎಲ್ಲ ಬಂಕುಗಳಲ್ಲಿ ಈಗ ಸಿಗುವುದಿಲ್ಲ, ಕನಿಷ್ಠ ಎರಡು ಲೀಟರ್ ಜೊತೆಗಿರಲಿ, ಅಳತೆಯ ಲೋಟವೂ ಇರಲಿ.

11. ದಾರಿಯಲ್ಲಿ

ದಿನಕ್ಕೆ 200ರಿಂದ 250 ಕಿ.ಮೀ., ವೇಗ 55ರಿಂದ 65. ಹೆದ್ದಾರಿಯಲ್ಲಿ ಹೊಸ ಬೈಕುಗಳ ಹುಡುಗರು ಹಾರನ್ ಮಾಡಿ ಮುಂದೆ ಹೋಗಲಿ. ಗಂಟೆಗೊಮ್ಮೆ ನಿಲ್ಲಿಸಿ. ಸಂಜೆ ಲಾಡ್ಜ್ ಮುಟ್ಟಿದ ಮೇಲೆ ಚೈನ್ ಬಿಗಿ, ಗೇರ್ ಎಣ್ಣೆಯ ಮಟ್ಟ, ಸ್ಪೋಕ್, ಬೋಲ್ಟ್ ನೋಡಿದ ನಂತರವೇ ಊಟ.

ಓಡುತ್ತಿರುವಾಗ ಎಂಜಿನ್ ಸದ್ದು ಒಮ್ಮೆಲೇ ಬಿಗಿಯಾದಂತೆ, ಯಾರೋ ಹಿಂದಿನಿಂದ ಎಳೆದಂತೆ ಅನ್ನಿಸಿದರೆ ಅದು ಸೀಜ್ ಆಗುವ ಮುನ್ಸೂಚನೆ. ತಕ್ಷಣ ಕ್ಲಚ್ ಹಿಡಿದು ಬದಿಗೆ ಬನ್ನಿ. ನೀರು ಸುರಿಯಬೇಡಿ, ಸಿಲಿಂಡರ್ ಬಿರುಕು ಬಿಡುತ್ತದೆ. ತಾನಾಗಿ ತಣಿದ ಮೇಲೆ ಪ್ಲಗ್ ರಂಧ್ರಕ್ಕೆ ಸ್ವಲ್ಪ ಟುಟಿ ಬಿಟ್ಟು, ಕೈಯಿಂದಲೇ ಕಿಕ್ ಒತ್ತಿ ನೋಡಿ. ಸಲೀಸಾಗಿ ತಿರುಗಿದರೆ ಎಣ್ಣೆಯ ಪ್ರಮಾಣ ಹೆಚ್ಚಿಸಿಕೊಂಡು ನಿಧಾನವಾಗಿ ಹತ್ತಿರದ ಊರಿಗೆ ಹೋಗಿ. ಕಾರಣ ಕಂಡುಹಿಡಿಯದೆ ಮುಂದಿನ ಘಾಟಿ ಹತ್ತಬೇಡಿ.

ಹಿಮಾಲಯದ ಕಡೆ ಹೋಗುವವರಿಗೆ ತೊಂದರೆ ತಿರುಗುಮುರುಗು. ಎತ್ತರದಲ್ಲಿ ಗಾಳಿ ವಿರಳವಾಗಿ ಮಿಶ್ರಣ ದಪ್ಪವಾಗುತ್ತದೆ, ಪ್ಲಗ್ ಕಪ್ಪಾಗುತ್ತದೆ. 5,000 ಮೀಟರ್ ಮೀರಿದ ಘಾಟಿಗಳಲ್ಲಿ ಗಾಳಿಯ ಒತ್ತಡ ಕಡಲ ಮಟ್ಟದಲ್ಲಿರುವುದರ ಅರ್ಧದಷ್ಟೇ, ಶಕ್ತಿಯೂ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಒಂದೆರಡು ಅಳತೆ ಚಿಕ್ಕ ಮೇನ್ ಜೆಟ್ ಒಯ್ದು ಅಲ್ಲಿ ಹಾಕಿಕೊಳ್ಳಿ, ಇಳಿದು ಬರುವಾಗ ತಪ್ಪದೆ ಹಳೆಯದನ್ನು ಹಾಕಿ. ಚಿಕ್ಕ ಜೆಟ್ಟಿನಲ್ಲೇ ಬಯಲಿಗೆ ಇಳಿದರೆ ಪಿಸ್ಟನ್ ಕಚ್ಚುತ್ತದೆ.

ಎಲ್ಲ ಮಾಡಿಯೂ ಬೈಕ್ ದೂರದಲ್ಲಿ ಕೈಕೊಟ್ಟರೆ ಗೊತ್ತಿಲ್ಲದ ಅಂಗಡಿಯಲ್ಲಿ ಎಂಜಿನ್ ಬಿಚ್ಚಿಸುವ ಸಾಹಸ ಬೇಡ. ರೈಲ್ವೆ ಪಾರ್ಸೆಲ್ ಕಚೇರಿಗೆ ಹೋಗಿ. ಆರ್‌ಸಿಯ ಪ್ರತಿ ಮತ್ತು ಗುರುತಿನ ಚೀಟಿ ಬೇಕು, ಟ್ಯಾಂಕಿನ ಪೆಟ್ರೋಲ್ ಪೂರ್ತಿ ಇಳಿಸಿರಬೇಕು, ಗೋಣಿಚೀಲ ಸುತ್ತಿ ಕಟ್ಟಿರಬೇಕು. ಹೆಡ್‌ಲೈಟಿಗೆ ಎರಡು ಪದರ ಹೆಚ್ಚಿಗೆ ಸುತ್ತಿಸಿ, ಕನ್ನಡಿಗಳನ್ನು ಬಿಚ್ಚಿ ನಿಮ್ಮ ಚೀಲಕ್ಕೆ ಹಾಕಿಕೊಳ್ಳಿ. ಊರಿಗೆ ಹತ್ತಿರವೆಂದು ಚಿಕ್ಕ ನಿಲ್ದಾಣದ ಹೆಸರು ಬರೆಸಬೇಡಿ, ಬೈಕ್ ಇಳಿಸುವಷ್ಟು ಹೊತ್ತು ರೈಲು ಅಲ್ಲಿ ನಿಲ್ಲುವುದಿಲ್ಲ. ಅರಸೀಕೆರೆಯಲ್ಲೋ ಹಾಸನದಲ್ಲೋ ಇಳಿಸಿಕೊಡುತ್ತಾರೆಯೇ ಎಂದು ಬುಕಿಂಗಿನಲ್ಲೇ ಕೇಳಿ. ಇಲ್ಲವೆಂದರೆ ಬೆಂಗಳೂರಿಗೆ ಬರೆಸಿ, ಅಲ್ಲಿಂದ ಗೂಡ್ಸ್ ಆಟೋದಲ್ಲಿ ತನ್ನಿ.